ಅಮ್ಮ ಮುಚ್ಚಿದ ಗಾಳಿಕಂಡಿಗಳು

ನಮ್ಮ ಕ್ಯಾರವಾನಿಗೆ ಈ ಚಳಿಗಾಲದ ಮೊದಲ ಅತಿಥಿಗಳು ಡಿಸೆಂಬರಿನ ಮೊದಲ ಶುಕ್ರವಾರ ಬರುತ್ತಾರೆಂದು ಗೊತ್ತಾದಾಗ ನನ್ನ ಕೈಯಲ್ಲಿ ಮೂರು ವಾರ ಇತ್ತು. ‘ನಮ್ಮ’ ಎಂದೆನಾದರೂ ಅದು ನಮ್ಮದಲ್ಲ, ನಾನು ಕೆಲಸ ಮಾಡುವ ಆಫೀಸಿನ ಯಜಮಾನರದು. ಊರು ಬಿಟ್ಟು ನಾವಿರುವ ಈ ಕೊಲ್ಲಿ ದೇಶದಲ್ಲಿ, ರಿಫೈನರಿಯಿರುವ ಮೀನಾ ಅಬ್ದುಲ್ಲಾ ದಾಟಿ ಇನ್ನೂ ದಕ್ಷಿಣಕ್ಕೆ, ಸಮುದ್ರದ ದಂಡೆಯಲ್ಲಿ, ಅವರ ತಂದೆಯ ಕಾಲದ ಒಂದು ತುಂಡು ಜಾಗವಿದೆ. ಅಲ್ಲೊಂದು ಉದ್ದನೆಯ ಬಿಳಿ ಕ್ಯಾರವಾನ್. ಹೆಸರಿಗಷ್ಟೇ ಗಾಡಿ, ಚಕ್ರ ಕಳಚಿ ಸಿಮೆಂಟಿನ ದಿಮ್ಮಿಗಳ ಮೇಲೆ ಕೂರಿಸಿ ಎಷ್ಟೋ ವರ್ಷವಾಗಿದೆ. ಎರಡು ಮಲಗುವ ಕೋಣೆ, ಒಂದು ಅಡುಗೆಮೂಲೆ, ಒಂದು ಬಚ್ಚಲು. ಯಜಮಾನರ ಮಕ್ಕಳಿಗೆ ಈಗ ಚಳಿಗಾಲವೆಂದರೆ ವಿಮಾನ ಹತ್ತುವುದು. “ನೀನು ಎಲ್ಲವನ್ನೂ ಬರೆದಿಡುವವಳು, ಇದನ್ನೂ ನೋಡಿಕೋ. ಬಾಡಿಗೆಗೆ ಕೊಡು. ಆದರೆ ಯಾರಿಗೂ ಏನೂ ಆಗದ ಹಾಗೆ ಕೊಡು. ಯಲ್ಲಾ, ಶುರುಮಾಡು,” ಎಂದು ಕೀಲಿಗೊಂಚಲನ್ನು ನನ್ನ ಮೇಜಿನ ಮೇಲಿಟ್ಟು ಹೋಗಿದ್ದರು.

ಯಾರಿಗೂ ಏನೂ ಆಗದ ಹಾಗೆ. ಆ ಮಾತನ್ನು ಡೈರಿಯಲ್ಲಿ ಅವತ್ತಿನ ದಿನಾಂಕದ ಕೆಳಗೆ ಹಾಗೆಯೇ ಬರೆದುಕೊಂಡೆ. ಬರೆದುಕೊಂಡ ಮೇಲೆ ಅದು ನನ್ನ ಮಾತೇ ಆಯಿತು.

ಮೊದಲ ಅತಿಥಿಗಳು ನಮ್ಮ ಪಕ್ಕದ ಬಡಾವಣೆ ಫಿಂಟಾಸಿನವರು. ನಮ್ಮ ಊರಿನ ಕಡೆಯವರೇ, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಕುಟುಂಬ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಗಂಡ ಒಂದು ಆಫೀಸಿನಲ್ಲಿ. ಗಂಡನ ತಾಯಿ ವಿಸಿಟ್ ವೀಸಾದಲ್ಲಿ ಬಂದಿದ್ದರು. ಜೊತೆಗೆ ಏಳು ತಿಂಗಳ ಹೆಣ್ಣುಮಗು. ಆ ಮಗು ದಿನ ತುಂಬುವ ಮೊದಲೇ ಹುಟ್ಟಿತ್ತು, ಬಹಳ ದಿನ ಗಾಜಿನ ಪೆಟ್ಟಿಗೆಯಲ್ಲೇ ಇತ್ತು. ಮನೆಗೆ ಬಂದ ಮೇಲೂ ಆಸ್ಪತ್ರೆ ಬಿಟ್ಟರೆ ಬೇರೆಲ್ಲಿಗೂ ಹೋಗಿರಲಿಲ್ಲ. ಸಮುದ್ರದ ಪಕ್ಕ ಒಂದು ರಾತ್ರಿ ಕಳೆಯುವುದು ಅದರ ಮೊದಲ ಪ್ರಯಾಣ. ಫೋನಿನಲ್ಲಿ ಸಿಸ್ಟರ್ ನನ್ನನ್ನು ಚೆನ್ನಾಗಿಯೇ ವಿಚಾರಿಸಿಕೊಂಡರು.

“ಧೂಳು ಉಂಟಾ ಒಳಗೆ? ಮಗುವಿನ ಎದೆ ಸ್ವಲ್ಪ ಸೂಕ್ಷ್ಮ. ಡಾಕ್ಟರ್ ಹೇಳಿದ್ದಾರೆ, ಧೂಳು ಆಗುವುದೇ ಇಲ್ಲ ಅಂತ.”

“ಇಲ್ಲ ಸಿಸ್ಟರ್. ನೀವು ಬರುವ ದಿನ ಬೆಳಿಗ್ಗೆ ನಾನೂ ಅಮ್ಮನೂ ಹೋಗಿ ಪೂರ್ತಿ ಒರೆಸಿ ಕೊಡ್ತೇವೆ.”

ಸ್ಪೀಕರ್ ಹಾಕಿದ್ದೆ. ಅಮ್ಮ ಮೀನು ಕೊಯ್ಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

ಮೂರು ವಾರದ ರಜಾದಿನಗಳೆಲ್ಲ ಕ್ಯಾರವಾನಿಗೇ ಹೋದವು. ಮೊದಲು ಗ್ಯಾಸ್. ಸಿಲಿಂಡರ್ ಹೊರಗಡೆ ಒಂದು ಕಬ್ಬಿಣದ ಗೂಡಿನಲ್ಲಿದೆ. ಅಲ್ಲಿಂದ ಒಳಗಿನ ಒಲೆಗೂ ಕೋಣೆ ಬೆಚ್ಚಗೆ ಮಾಡುವ ಹೀಟರಿಗೂ ಕೊಳವೆ. ಬೇಸಿಗೆಯ ಬಿಸಿಲಿಗೆ ರಬ್ಬರ್ ಕೊಳವೆ ಹಳೇ ಚಪ್ಪಲಿಯ ಹಾಗೆ ಬಿರುಕು ಬಿಟ್ಟಿತ್ತು. ಹೊಸದು ಹಾಕಿಸಿ ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ನೋಡಿದೆ, ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ಕರೆಂಟು. ಎಲೆಕ್ಟ್ರಿಷಿಯನ್ ಬಂದು ಕರಿದಾಗಿದ್ದ ಒಂದು ಪ್ಲಗ್ ಬದಲಾಯಿಸಿ, ಟ್ರಿಪ್ ಸ್ವಿಚ್ ಬೀಳುತ್ತದೋ ಇಲ್ಲವೋ ನನ್ನ ಕಣ್ಣೆದುರೇ ತೋರಿಸಿದ. ನೀರಿನ ಟ್ಯಾಂಕ್ ತೊಳೆಸಿದೆ. ಅಲುಗಾಡುತ್ತಿದ್ದ ಮೆಟ್ಟಿಲಿಗೆ ಹಿಡಿಕಂಬಿ ಕೂರಿಸಿದೆ. ಗಾಳಿಗೆ ಕದಲದಂತೆ ಕ್ಯಾರವಾನನ್ನು ನೆಲಕ್ಕೆ ಬಿಗಿದ ಸರಪಳಿಗಳನ್ನು ಎಳೆದು ನೋಡಿದೆ. ಹೊಗೆಗೆ ಒಂದು ಅಲಾರಂ, ಉಸಿರು ಕಟ್ಟಿಸುವ ಗಾಳಿಗೆ ಇನ್ನೊಂದು. ಆ ಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಬೆಂಕಿ ಉರಿದರೆ ತಾನಾಗಿ ಹುಟ್ಟುತ್ತದೆ, ಮಲಗಿದವರು ಏಳುವುದಿಲ್ಲ.

ಕೊನೆಗೆ ಗಾಳಿಕಂಡಿಗಳು. ಅದು ನಾನೇ ಇಟ್ಟ ಹೆಸರು. ಒಲೆಯ ಕೆಳಗೆ, ಸಿಂಕಿನ ಕೆಳಗೆ, ಬಾಗಿಲ ಹತ್ತಿರ ನೆಲದಲ್ಲೇ ಅಂಗೈಯಗಲದ ತೂತುಗಳಿವೆ, ಮೇಲೆ ಜಾಲರಿ. ಛಾವಣಿಯಲ್ಲೂ ಒಂದಿದೆ. ಮೊದಲ ಸಲ ನೋಡಿದವರಿಗೆ ಯಾರೋ ಕೆಲಸ ಅರ್ಧಕ್ಕೆ ಬಿಟ್ಟುಹೋದ ಹಾಗೆ ಕಾಣುತ್ತದೆ. ಅವು ಇರಲೇಬೇಕಾದವು. ಗ್ಯಾಸ್ ಸೋರಿದರೆ ಭಾರಕ್ಕೆ ತಳದಲ್ಲಿ ನಿಲ್ಲುತ್ತದೆ, ನೆಲದ ತೂತಿನಿಂದ ಇಳಿದುಹೋಗುತ್ತದೆ. ಹೀಟರ್ ಉರಿಯುವಾಗ ಹೊಸ ಗಾಳಿ ಬರುವುದೂ ಅಲ್ಲಿಂದಲೇ. ಶುಕ್ರವಾರ ಬೆಳಿಗ್ಗೆ ಹೋದ ಕೂಡಲೇ ಹಳೇ ಟೂತ್‌ಬ್ರಶ್ಶಿನಿಂದ ಆ ಜಾಲರಿಗಳನ್ನು ಉಜ್ಜಿ, ಗಾಳಿ ಆಡುವುದನ್ನು ಬೆರಳಿಟ್ಟು ನೋಡಿ, ಸರಿ ಎಂದು ಗುರುತು ಹಾಕಿಕೊಂಡೆ.

ಅಮ್ಮ ಅಷ್ಟರಲ್ಲಿ ಬೀರುಗಳನ್ನು ಒರೆಸುತ್ತಿದ್ದಳು. ಮಹಬೂಲಾದ ಹನ್ನೊಂದನೇ ಮಹಡಿಯ ನಮ್ಮ ಫ್ಲಾಟಿನಲ್ಲಿ ಅಮ್ಮ ಇಪ್ಪತ್ತು ವರ್ಷದಿಂದ ಧೂಳಿನ ಜೊತೆ ಜಗಳವಾಡುತ್ತಾ ಬಂದಿದ್ದಾಳೆ. ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಸಾಕು, ಕಂದು ಟೇಪಿನ ಸುರುಳಿ ಹೊರಗೆ ಬರುತ್ತದೆ. ಕಿಟಕಿಯ ಸಂದು, ಬಾಲ್ಕನಿ ಬಾಗಿಲಿನ ತಳ, ಎಸಿಯ ಸುತ್ತ, ಎಲ್ಲ ಕಡೆ ಟೇಪು. ಆ ಕಟ್ಟಡದಲ್ಲಿ ಇದು ಅಮ್ಮನೊಬ್ಬಳ ರೂಢಿಯಲ್ಲ. ಲಿಫ್ಟಿನಲ್ಲಿ ಹೆಂಗಸರು ಯಾವ ಟೇಪು ಗೋಡೆಯ ಬಣ್ಣ ಕೀಳುವುದಿಲ್ಲ ಎಂದು ಮಾತಾಡಿಕೊಳ್ಳುತ್ತಾರೆ. ಊರಿಗೆ ರಜೆಯಲ್ಲಿ ಹೋಗುವವರು ಸೂಟ್‌ಕೇಸ್ ಕಟ್ಟಿದ ಮೇಲೆ ಮನೆಯನ್ನೂ ಕಟ್ಟಿಯೇ ಹೋಗುತ್ತಾರೆ. ಅಮ್ಮನ ಕೈಚೀಲದಲ್ಲಿ ಕೊಡೆ ಇಲ್ಲದಿದ್ದೀತು, ಟೇಪು ಇರುತ್ತದೆ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದಿತು. ಮರಳು ಕಿಟಕಿಗೆ ಸರಸರ ಬಡಿಯತೊಡಗಿತು. ನಾನು ಹೊರಗೆ ಸಿಲಿಂಡರಿನ ಗೂಡಿಗೆ ಹೊದಿಕೆ ಕಟ್ಟುವುದರಲ್ಲಿದ್ದೆ. ಒಳಗೆ ಬಂದಾಗ ಅಮ್ಮ ಮಂಡಿಯೂರಿ ನೆಲ ಒರೆಸುತ್ತಿದ್ದಳು. ನೆಲ ಕನ್ನಡಿಯಂತಿತ್ತು.

“ಚಪ್ಪಲಿ ಹೊರಗೆ,” ಎಂದಳು. “ಆ ಮಗು ಇದರಲ್ಲಿ ಹರಿದಾಡ್ತದೆ.”

“ಏಳು ತಿಂಗಳಿಗೆ ಹರಿದಾಡ್ತದಾ?”

“ನೀನು ಆರಕ್ಕೇ ಅಡುಗೆಮನೆ ತನಕ ಹೋಗ್ತಿದ್ದಿ, ತಿನ್ನುವುದು ಎಲ್ಲುಂಟು ಅಂತ ಗೊತ್ತಿತ್ತು.”

ಮೂರು ಗಂಟೆಯ ಸುಮಾರಿಗೆ ಗಾಳಿ ಇಳಿಯಿತು, ಅತಿಥಿಗಳ ಕಾರೂ ಬಂತು. ಸಿಸ್ಟರಿಗೆ ಬೆಂಕಿ ಆರಿಸುವ ಕಂಬಳಿ, ಅಲಾರಂಗಳು, ಸಿಲಿಂಡರಿನ ಗೂಡು ಎಲ್ಲ ತೋರಿಸಿದೆ. ಅವರು ಪ್ರತಿಯೊಂದನ್ನೂ ತಾವೇ ಒತ್ತಿ ನೋಡಿದರು. ಗಂಡ ಮಗುವನ್ನು ಎದೆಗೆ ಕಟ್ಟಿಕೊಂಡು ಹಿಂದೆ ಹಿಂದೆಯೇ ಬರುತ್ತಿದ್ದರು. ಅವರ ತಾಯಿ ಸೋಫಾದಲ್ಲಿ ಕೂತು, ಬೆರಳಿನಿಂದ ಕಿಟಕಿಯ ಅಂಚು ಒರೆಸಿ, ಬೆರಳನ್ನು ನೋಡಿ, ಅಮ್ಮನ ಕಡೆ ತಿರುಗಿ, “ಒಂದು ಚೂರು ಧೂಳಿಲ್ಲ ಬಾಯಮ್ಮಾ. ನೀವು ನಮ್ಮ ಮನೆಗೇ ಬರಬೇಕು, ನನ್ನ ಸೊಸೆಗೆ ಸ್ವಲ್ಪ ಕಲಿಸಬೇಕು,” ಎಂದರು. ಅಮ್ಮನ ಮುಖ ಅರಳಿತು. ಸೊಸೆ ಕೇಳಿಸದವರಂತೆ ಬೀರುವಿನ ಬಾಗಿಲು ತೆರೆದು ಮುಚ್ಚಿದರು.

ಗಾಳಿಕಂಡಿಗಳನ್ನು ಅವರಿಗೆ ಬಗ್ಗಿ ತೋರಿಸಲಿಲ್ಲ, ನಾನೂ ಮತ್ತೆ ಅತ್ತ ಕಣ್ಣು ಹಾಯಿಸಲಿಲ್ಲ. ಅವು ಬಳಸುವ ವಸ್ತುವಲ್ಲವಲ್ಲ, ಬೆಳಿಗ್ಗೆಯೇ ಸರಿ ಇದ್ದವು.

ನಾವು ವಾಪಸು ಹೊರಟೆವು. ಮೀನಾ ಅಬ್ದುಲ್ಲಾದ ರಿಫೈನರಿಯ ಬೆಂಕಿ ದೂರದಲ್ಲಿ ಕಾಣಿಸುತ್ತಿದ್ದಂತೆ ಅಮ್ಮ ಸೀಟು ಹಿಂದಕ್ಕೆ ಮಾಡಿಕೊಂಡು ಕಾಲು ಚಾಚಿದಳು. ಅಪ್ಪ ಅಲ್ಲೇ ಕಾಂಟ್ರಾಕ್ಟಿನಲ್ಲಿ ಫಿಟ್ಟರ್, ಅವತ್ತು ಶಿಫ್ಟಿನಲ್ಲಿದ್ದರು. ಅವರ ಬುತ್ತಿಯ ವಿಷಯ ಏನೋ ಹೇಳುತ್ತಿದ್ದ ಅಮ್ಮ, ಅದೇ ದನಿಯಲ್ಲಿ, “ಇನ್ನು ಎಂಥ ಗಾಳಿ ಬಂದರೂ ಆ ಮಗುವಿಗೆ ಏನೂ ಆಗುವುದಿಲ್ಲ. ನೆಲದ ತೂತೆಲ್ಲ ಮುಚ್ಚಿದ್ದೇನೆ. ಅದರಿಂದಲೇ ಮರಳು ಬರುವುದು ಮಾರಾಯ್ತಿ, ನಾನು ಒರೆಸಿದ ಹಾಗೆ ಬಂದು ಬೀಳ್ತಿತ್ತು. ಎರಡೆರಡು ಪದರ ಟೇಪು ಹಾಕಿದೆ,” ಎಂದಳು.

“ಯಾವ ತೂತು?”

“ಒಲೆಯಡಿದು, ಸಿಂಕಿನಡಿದು, ಬಾಗಿಲದ್ದು. ಮಾಡಿನಲ್ಲಿ ಒಂದಿತ್ತಲ್ಲ, ಅದಕ್ಕೆ ಬಟ್ಟೆ ತುರುಕಿದೆ.”

ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಅಮ್ಮನಿಗೆ ಎರಡೇ ವಾಕ್ಯದಲ್ಲಿ ಹೇಳಿದೆ, ಆ ತೂತುಗಳು ಯಾಕಿವೆ, ಸಂಜೆ ಚಳಿಗೆ ಅವರು ಹೀಟರ್ ಹಚ್ಚಿ ಬಾಗಿಲು ಹಾಕಿಕೊಂಡರೆ ಏನಾಗುತ್ತದೆ ಅಂತ. ಅಮ್ಮ ಸೀಟು ಮೇಲಕ್ಕೆ ಮಾಡಿಕೊಂಡು ನೆಟ್ಟಗೆ ಕೂತಳು.

ಸಿಸ್ಟರಿಗೆ ಫೋನು ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಅವರ ಗಂಡನದ್ದೂ ಅಷ್ಟೇ. ಮತ್ತೆ ಮಾಡಿದೆ. ಎದುರುಗಡೆಯ ರಸ್ತೆಗೆ ತಿರುಗಿಕೊಳ್ಳಲು ಮುಂದಿನ ಮೇಲ್ಸೇತುವೆವರೆಗೆ ಹೋಗಬೇಕಿತ್ತು. ಹೋಗುತ್ತಾ ಕಾವಲುಗಾರನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿ ಅಮ್ಮನ ಕೈಗೆ ಕೊಟ್ಟೆ. ಆ ಸಾಲಿನ ಬೀಚ್ ಮನೆಗಳನ್ನೆಲ್ಲ ನೋಡಿಕೊಳ್ಳುವ ಬಾಂಗ್ಲಾದ ಮನುಷ್ಯ. ನಾವು ಭಾಯಿ ಎನ್ನುತ್ತೇವೆ. ಅವನು ಇನ್ನೊಂದು ತುದಿಯಲ್ಲಿದ್ದ, ಸೈಕಲ್ಲಿನಲ್ಲಿ ಹೋಗಿ ನೋಡಿದ.

“ಮೇಡಂ, ದರ್ವಾಜಾ ಬಂದ್. ಪರದಾ ಭಿ ಬಂದ್. ಬಡಿದೆ, ಕೋಯಿ ನಹೀ ಬೋಲ್ತಾ.”

“ಭಾಯಿ, ಒಳಗೆ ಹೋಗಿ ನೋಡು. ಇಲ್ಲದಿದ್ದರೆ ಕಿಟಕಿ ತೆಗಿ.”

ಅವನು ತಡೆದ. “ಫ್ಯಾಮಿಲಿ ಹೈ ಮೇಡಂ. ಅಂದರ್ ಔರತ್ ಹೈ. ನಾನು ಹೇಗೆ ತೆಗೆಯಲಿ?”

ಅವನ ಭಯ ನನಗೆ ಅರ್ಥವಾಯಿತು. ಹೆಂಗಸರಿರುವ ಮನೆಯ ಬಾಗಿಲು ಕಾವಲುಗಾರ ತೆಗೆದನೆಂದರೆ ಕಾರಣ ಕೇಳುವವರಿರುವುದಿಲ್ಲ; ಅವನ ಇಕಾಮಾಕ್ಕೇ, ಇಲ್ಲಿರುವ ಪರವಾನಗಿಗೇ, ಕುತ್ತು. ನನಗೆ ಆಗ ಹೊಳೆದದ್ದು ಹೊರಗಿನ ಗೂಡು. “ಸರಿ, ಒಳಗೆ ಹೋಗಬೇಡ. ಸಿಲಿಂಡರಿನ ವಾಲ್ವ್ ಬಂದ್ ಮಾಡು.” ಸ್ವಲ್ಪ ಹೊತ್ತು ಉಸಿರಿನ ಸದ್ದು ಮಾತ್ರ. ಆಮೇಲೆ, “ಖಲಾಸ್ ಮೇಡಂ. ಬಂದ್ ಹೋ ಗಯಾ.”

ಅಲ್ಲಿಂದ ಮುಂದೆ ಹೊಸದಾಗಿ ಏನೂ ಉರಿಯಲಾರದು. ಈಗಾಗಲೇ ಉರಿದಿದ್ದರೆ? ಅಲಾರಂ ಇದೆ, ಕೂಗುತ್ತದೆ, ಭಾಯಿಗೆ ಕೇಳಿಸುತ್ತಿತ್ತು ಎಂದು ಲೆಕ್ಕ ಹಾಕಿದೆ. ಆದರೆ ಹೋದ ವರ್ಷ ಒಂದು ಮನೆಯವರು ಧೂಪ ಹಾಕುವಾಗ ಬಡಿದುಕೊಳ್ಳುತ್ತದೆಂದು ಬ್ಯಾಟರಿಯನ್ನೇ ತೆಗೆದಿಟ್ಟಿದ್ದರು. ಗಾಳಿಕಂಡಿ ಇರುವುದು ಕೆಡುಕು ಆಗದಿರಲಿಕ್ಕೆ. ಅಲಾರಂ ಇರುವುದು ಆದಮೇಲೆ ಹೇಳಲಿಕ್ಕೆ. ನನ್ನ ಬಳಿ ಈಗ ಉಳಿದಿದ್ದದ್ದು ಎರಡನೆಯದು ಮಾತ್ರ.

“ಹೊರಡುವಾಗ ಮಗು ನಿದ್ದೆ ತೂಗ್ತಿತ್ತು,” ಎಂದಳು ಅಮ್ಮ.

“ಹೌದು.”

“ಅವಳು ಮಲಗಿಸಿರ್ತಾಳೆ.”

ಅಮ್ಮ ಸಿಸ್ಟರ್ ನಂಬರನ್ನು ಮತ್ತೆ ಮತ್ತೆ ಒತ್ತುತ್ತಲೇ ಇದ್ದಳು.

ನಾವು ತಲುಪಿದಾಗ ಭಾಯಿ ಮೆಟ್ಟಿಲಿನಿಂದ ದೂರ, ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದ. ಅತಿಥಿಗಳ ಕಾರು ಅಲ್ಲೇ ಇತ್ತು. ಬಾಗಿಲು ಬಡಿದೆ. ಒಳಗೆ ಫೋನು ರಿಂಗಾಗುವುದು ಕೇಳಿಸಿತು. ಅಮ್ಮ ಮಾಡುತ್ತಿದ್ದ ಕರೆಯೇ ಅದು. ನನ್ನಲ್ಲಿದ್ದ ಇನ್ನೊಂದು ಕೀಲಿ ಹಾಕಿ ಬಾಗಿಲು ತೆಗೆದೆ. ಅಮ್ಮ ನನ್ನನ್ನು ತಳ್ಳಿಕೊಂಡೇ ಒಳಗೆ ಹೋದಳು, ಚಪ್ಪಲಿ ಹಾಕಿಕೊಂಡು.

ಒಲೆ ತಣ್ಣಗಿತ್ತು. ಮೇಲೊಂದು ಪಾತ್ರೆಯಲ್ಲಿ ನೀರು, ಅದೂ ತಣ್ಣಗೆ. ಹೀಟರ್ ಹಚ್ಚಿರಲಿಲ್ಲ. ಎರಡು ಫೋನೂ ಮೇಜಿನ ಮೇಲೆ ಚಾರ್ಜಿಗೆ ಹಾಕಿದ್ದರು. ಮಲಗುವ ಕೋಣೆಯಲ್ಲಿ ಹಾಸಿಗೆಯ ನಡುವೆ ಹಳದಿ ಹೊದಿಕೆಯಲ್ಲಿ ಸುತ್ತಿದ್ದು ಏನೋ ಇತ್ತು. ಅಮ್ಮ ಅದನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಅದು ಮಗು ಉರುಳದಂತೆ ಪಕ್ಕದಲ್ಲಿಡುವ ದಿಂಬು.

ಅಮ್ಮ ದಿಂಬು ಹಿಡಿದುಕೊಂಡೇ ನಿಂತಿದ್ದಾಗ ಸಮುದ್ರದ ಕಡೆಯಿಂದ ನಗು ಕೇಳಿಸಿತು. ಕಿಟಕಿಯ ಪರದೆ ಸರಿಸಿದೆ. ಅಲೆಯ ಅಂಚಿನಲ್ಲಿ ನಾಲ್ವರೂ ಬರುತ್ತಿದ್ದರು. ಅಜ್ಜಿ ಸೀರೆ ಎತ್ತಿ ಕಟ್ಟಿ ಮುಂದೆ, ಗಂಡ ಹೆಂಡತಿ ಹಿಂದೆ, ಮಗು ಕೆಂಪು ಟೊಪ್ಪಿ ಹಾಕಿಕೊಂಡು ಅಪ್ಪನ ತೋಳಿನಲ್ಲಿ ಎರಡೂ ಕಾಲು ಒದೆಯುತ್ತಿತ್ತು. ಗಾಳಿ ನಿಂತಿತೆಂದು ಬಿಸಿಲು ಇಳಿಯುವ ಮೊದಲೇ ನೀರು ತೋರಿಸಲು ಕರೆದುಕೊಂಡು ಹೋಗಿದ್ದರು, ಅಷ್ಟೇ.

ಭಾಯಿ ಹೊರಗಿನಿಂದ, “ಸಬ್ ಠೀಕ್?” ಎಂದ. “ಸಬ್ ಠೀಕ್,” ಎಂದೆ. ಅವನು ಸೈಕಲ್ಲಿನ ಮೇಲೆ ತಲೆಯಿಟ್ಟು ನಕ್ಕ.

“ಏನಾದರೂ ಮರೆತಿರಾ?” ಎಂದು ಸಿಸ್ಟರ್ ದೂರದಿಂದಲೇ ಕೇಳಿದರು. ಹತ್ತಿರ ಬಂದು ಅಮ್ಮನ ಮುಖ ನೋಡಿದ ಮೇಲೆ ಅವರ ದನಿ ಬದಲಾಯಿತು. “ಎಂತ ಆಂಟಿ?”

ಹೇಳುವ ಕೆಲಸ ನನ್ನದೆಂದು ಬಾಯಿ ತೆರೆದೆ. ಅಮ್ಮ ಮೊದಲೇ ಶುರುಮಾಡಿಬಿಟ್ಟಳು. ಮಗುವಿಗೆ ಧೂಳು ಆಗುವುದಿಲ್ಲವೆಂದು ತಾನೇ ಮುಚ್ಚಿದ್ದು, ಮಗಳಿಗೆ ಗೊತ್ತಿರಲಿಲ್ಲ, ಅದು ಗಾಳಿ ಬರುವ ದಾರಿಯೆಂದು ತನಗೂ ಗೊತ್ತಿರಲಿಲ್ಲ ಎಂದಳು. ಸಿಸ್ಟರ್ ಸುಮ್ಮನೆ ಕೇಳಿದರು. ಆಮೇಲೆ ಮಗುವಿನ ಟೊಪ್ಪಿ ಸರಿಮಾಡುತ್ತಾ ಮೆಲ್ಲಗೆ, “ಈಗ ಬಂದು ನೀರು ಕಾಯಿಸಿ, ಇವಳ ಮೈ ಒರೆಸಿ, ಹೀಟರ್ ಹಾಕಿ ಎಲ್ಲ ಮುಚ್ಚಿ ಮಲಗಿಸುವುದು ಅಂತ ಇದ್ದೆ,” ಎಂದರು.

ಮಗು ಅಪ್ಪನ ಕನ್ನಡಕ ಕೀಳುತ್ತಿತ್ತು.

“ತೋರಿಸಿ,” ಎಂದರು ಸಿಸ್ಟರ್. “ಎಲ್ಲೆಲ್ಲಿ ಮುಚ್ಚಿದ್ದೀರಿ, ಒಂದೂ ಬಿಡದೆ ತೋರಿಸಿ.”

ವಾರ್ಡಿನಲ್ಲಿ ಮಾತಾಡುವ ದನಿ ಅದು. ಅಮ್ಮ ಒಲೆಯ ಮುಂದೆ ಮಂಡಿಯೂರಿದಳು, ಸಿಸ್ಟರ್ ಪಕ್ಕದಲ್ಲಿ. ಟೇಪು ಬಲವಾಗಿಯೇ ಹಿಡಿದಿತ್ತು. ಅಮ್ಮನ ಕೆಲಸವಲ್ಲವೇ. ಉಗುರಿನಿಂದ ಅಂಚು ಎಬ್ಬಿಸಿ ಪರ್‍ರನೆ ಎಳೆದರು. ಗಂಡ ಹಿಂದಿನಿಂದ, “ಫಿಂಟಾಸಿನಲ್ಲಿ ಇವಳದ್ದೂ ಇದೇ ಕಾರುಬಾರು ಆಂಟಿ. ನಮ್ಮ ಫ್ಲಾಟು ಒಂದು ಪಾರ್ಸೆಲ್. ಸ್ಟಾಂಪ್ ಹಚ್ಚಿದರೆ ಊರಿಗೆ ಮುಟ್ಟುತ್ತದೆ,” ಎಂದರು.

“ನೀವು ಮಗುವನ್ನು ಹಿಡ್ಕೊಳ್ಳಿ, ಬಾಯಿ ಹಿಡ್ಕೊಳ್ಳಿ,” ಎಂದರು ಸಿಸ್ಟರ್ ತಲೆ ಎತ್ತದೆ.

ಸಿಂಕಿನದ್ದು, ಬಾಗಿಲಿನದ್ದು ಬಿಚ್ಚಿದೆವು. ಛಾವಣಿಯ ಬಟ್ಟೆಯನ್ನು ನಾನು ಸ್ಟೂಲು ಹತ್ತಿ ಎಳೆದೆ. ಅಮ್ಮ ಅದಕ್ಕೆ ತನ್ನ ಒಳ್ಳೆಯ ಟವೆಲನ್ನೇ ಕೊಟ್ಟಿದ್ದಳು. ಸಿಸ್ಟರ್ ಒಂದು ಟಿಶ್ಯೂ ಹರಿದು ಎಳೆಯಂತೆ ಮಾಡಿ ಪ್ರತಿ ಜಾಲರಿಯ ಮೇಲೂ ಹಿಡಿದರು. ಅದು ಎಲ್ಲ ಕಡೆ ಅಲುಗಾಡಿದ ಮೇಲೆಯೇ ಎದ್ದದ್ದು. ಎರಡೂ ಅಲಾರಂಗಳನ್ನು ಮತ್ತೆ ಒತ್ತಿದರು. ಅವು ಕಿರುಚಿದವು, ಮಗು ಬೆಚ್ಚಿ ಅಳತೊಡಗಿತು.

ಗಟ್ಟಿ ಅಳು. ಅಷ್ಟು ಸಣ್ಣ ಎದೆಯಿಂದ ಹೇಗೆ ಬರುತ್ತದೋ. ಎಲ್ಲರೂ ಸಮಾಧಾನ ಮಾಡಲು ಓಡಿದರೆ ಅಮ್ಮ ಮಾತ್ರ ಮೆಟ್ಟಿಲಿನ ಮೇಲೆ ಕೂತು ಅದನ್ನು ಕೇಳುತ್ತಿದ್ದಳು.

“ನೀವು ಮನೆಗೆ ಹೋಗುವುದಾದರೆ ಯಜಮಾನರಿಗೆ ನಾನು ಹೇಳ್ತೇನೆ, ಇನ್ನೊಂದು ದಿನ ಬರಬಹುದು,” ಎಂದೆ ಸಿಸ್ಟರಿಗೆ.

ಅವರು ಅತ್ತೆಯ ಕಡೆ ನೋಡಿದರು. ಅಜ್ಜಿ, “ನಾನು ಹೋಗುವುದಿಲ್ಲ. ಸಮುದ್ರ ನೋಡಲಿಕ್ಕೆ ಇಲ್ಲಿವರೆಗೆ ಬಂದು ಮತ್ತೆ ಆ ಪಾರ್ಸೆಲಿನೊಳಗೆ ಯಾರು ಹೋಗ್ತಾರೆ?” ಎಂದರು. ಹೀಟರ್ ಹಚ್ಚುವುದೇ ಬೇಡ, ಕಂಬಳಿ ಸಾಕು ಎಂದು ತೀರ್ಮಾನವಾಯಿತು. ಒಲೆಗೆಂದು ಸಿಲಿಂಡರಿನ ವಾಲ್ವ್ ನಾನೇ ತೆರೆದು, ನೊರೆ ಹಚ್ಚಿ ಇನ್ನೊಮ್ಮೆ ನೋಡಿದೆ. ಸಿಸ್ಟರ್ ಚಹಾ ಮಾಡಿದರು. ಕಿಟಕಿ ತೆರೆದಿತ್ತು, ಜ್ವಾಲೆ ನೀಲಿಯಾಗಿತ್ತು. ಮೊದಲ ಲೋಟವನ್ನು ಅಮ್ಮನಿಗೆ ಕೊಟ್ಟರು.

“ಬೈಯುವುದಿದ್ದರೆ ಬೈದುಬಿಡಿ ಮಗಾ,” ಎಂದಳು ಅಮ್ಮ.

“ಬೈಯಬೇಕು ಅಂತಲೇ ಇದ್ದೆ,” ಎಂದರು ಸಿಸ್ಟರ್. “ಆದರೆ ಧೂಳು ಧೂಳು ಅಂತ ಫೋನಿನಲ್ಲಿ ಹೇಳಿದವಳು ನಾನೇ. ಮತ್ತೆ, ಗೊತ್ತಾದ ಕೂಡಲೇ ನೀವು ತಿರುಗಿ ಬಂದಿರಿ. ನಾಳೆ ಬೆಳಿಗ್ಗೆ ಫೋನ್ ಮಾಡ್ತೇನೆ. ಈಗ ಚಹಾ ಕುಡೀರಿ.”

ಮನೆಗೆ ಬಂದ ಮೇಲೆ ಡೈರಿಯಲ್ಲಿ ಕೆಲಸದ ಕ್ರಮ ಬದಲಾಯಿಸಿ ಬರೆದೆ. ಗಾಳಿಕಂಡಿ ನೋಡುವುದು ಇನ್ನು ಬೆಳಿಗ್ಗೆಯಲ್ಲ. ಎಲ್ಲ ಒರೆಸಿ ಮುಗಿದ ಮೇಲೆ, ಅತಿಥಿಯ ಜೊತೆ, ಅವರ ಕೈಯಿಂದಲೇ. ಜಾಲರಿಯ ಪಕ್ಕ ‘ಮುಚ್ಚಬಾರದು’ ಎಂದು ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಬರೆದು ಅಂಟಿಸುವುದು. ಅಮ್ಮ ಭುಜದ ಮೇಲಿಂದ ಬಗ್ಗಿ ನೋಡಿ, “ಕನ್ನಡದಲ್ಲೂ ಬರಿ,” ಎಂದಳು.

ಶನಿವಾರ ಬೆಳಿಗ್ಗೆ ಅಮ್ಮ ದೋಸೆ ಹುಯ್ಯುತ್ತಿದ್ದಾಗ ಫೋನು ಬಂತು. ಎಲ್ಲರೂ ಚೆನ್ನಾಗಿ ಮಲಗಿದ್ದರಂತೆ, ಅಜ್ಜಿ ಆಗಲೇ ನೀರಿಗೆ ಇಳಿದಿದ್ದಾರಂತೆ, ನೆಲದಲ್ಲಿ ಬಾಗಿಲ ಹತ್ತಿರ ಒಂದಿಷ್ಟು ಮರಳು ಬಂದಿದೆಯಂತೆ, ಅದನ್ನು ಸಿಸ್ಟರೇ ಗುಡಿಸಿದರಂತೆ. ನಾನು “ದೇವರು ದೊಡ್ಡವನು” ಎನ್ನುವಷ್ಟರಲ್ಲಿ ಅಮ್ಮ ಸೌಟು ಕೆಳಗಿಟ್ಟು ಫೋನು ಕಸಿದುಕೊಂಡಳು.

“ಮಗು ಎಲ್ಲುಂಟು?”

“ಇಲ್ಲೇ ಉಂಟು ಆಂಟಿ, ನನ್ನ ಮಡಿಲಲ್ಲಿ.”

“ಒಂದು ಸಲ ಅಳಿಸು ಮಾರಾಯ್ತಿ. ನನಗೆ ಕೇಳಬೇಕು.”

ಸಿಸ್ಟರ್ ನಕ್ಕರು. “ಅಳಿಸುವುದು ಯಾಕೆ, ಬಾಟಲಿ ತೆಗೆದರೆ ಸಾಕು.” ಒಂದು ಕ್ಷಣ ಏನೂ ಕೇಳಿಸಲಿಲ್ಲ. ಆಮೇಲೆ ಶುರುವಾಯಿತು ನೋಡಿ, ಅಡುಗೆಮನೆ ತುಂಬ. ಅಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಳು. ಕಾವಲಿಯ ಮೇಲೆ ದೋಸೆ ಕರಿಯಾಗುತ್ತಿತ್ತು. ನಾನು ಅದನ್ನು ಎಬ್ಬಿಸಲು ಹೋಗಲಿಲ್ಲ.